ನನ್ನ ಕಾಲು ಪುಸ್ತಕ ಸೇರಿದ್ದು

ಚಿತ್ರ ಬರೆಯುವವರ ಮುಂದೆ ಕೂತ ಮನುಷ್ಯನಿಗೆ ತಾನು ಚಂದ ಇದ್ದೇನೆಂಬ ಭ್ರಮೆ ಯಾವ ವಯಸ್ಸಿನಲ್ಲಾದರೂ ಹುಟ್ಟಬಹುದು. ನನಗೆ ಎಪ್ಪತ್ತೆರಡರಲ್ಲಿ ಹುಟ್ಟಿತು. ನಾನು ಎರಡನೆಯ ಇಯತ್ತೆಗೇ ಸಾಲೆ ಬಿಟ್ಟವನು. ನನ್ನ ಮೊಮ್ಮಗಳು ಸುಮಾ ಸಣ್ಣ ಮಕ್ಕಳಿಗಾಗಿ ಚಿತ್ರದ ಪುಸ್ತಕ ಮಾಡುತ್ತಾಳೆ. ಕಥೆಯೂ ಅವಳದೇ, ಬಣ್ಣವೂ ಅವಳದೇ. ಪುಟಕ್ಕೆ ಎರಡೇ ಸಾಲು ಅಕ್ಷರ, ಉಳಿದದ್ದೆಲ್ಲ ಚಿತ್ರ. ಇಂಥ ಪುಸ್ತಕ ನನ್ನ ಕಾಲಕ್ಕೆ ಇದ್ದಿದ್ದರೆ ನಾನೂ ಮೆಟ್ರಿಕ್ ಪಾಸಾಗುತ್ತಿದ್ದೆ ಎಂದು ನಮ್ಮ ಬನಹಟ್ಟಿಯ ತುಂಬ ಹೇಳಿಕೊಂಡು ತಿರುಗಿದ್ದೇನೆ.

ಆ ವರ್ಷ ಅವಳು ಧಾರವಾಡದಿಂದ ಬಂದವಳೇ, "ಮುತ್ಯಾ, ಈ ಸಲದ ಪುಸ್ತಕ ಸೀರಿ ಹೆಂಗ ಹುಟ್ಟತೈತಿ ಅನ್ನೂದರ ಮ್ಯಾಲ. ಅದರಾಗ ನೀ ಇರ್ತಿ" ಎಂದಳು. ನಮ್ಮ ಓಣಿಯ ತುಂಬ ಪವರ್‌ಲೂಮಿನ ಖಟಪಟ; ಕುಣಿಮಗ್ಗ ಉಳಿದದ್ದು ನನ್ನದೊಂದೇ. ನೇಕಾರ ನೆಲದ ಮೇಲೆ ಕೂತು, ಮುಂದೆ ತೋಡಿದ ತಗ್ಗಿನೊಳಗೆ ಕಾಲು ಇಳಿಬಿಟ್ಟು ತುಳಿಯುವ ಮಗ್ಗ ಅದು. ನಾಲ್ಕು ದಿನ ತಪ್ಪದೆ ದಾಡಿ ಮಾಡಿಸಿ, ಮದುವೆಗೆ ಸುತ್ತುವ ರುಮಾಲು ಸುತ್ತಿಕೊಂಡು ಕೂತೆ. ಅವಳ ಕುಂಚದ ನೀಲಿ ನೀರಿನ ಬಟ್ಟಲಲ್ಲಿ ಮೆಲ್ಲಗೆ ಕರಗುತ್ತಿತ್ತು. ಅದನ್ನೇ ನೋಡುತ್ತ ಕೂತರೆ ಕೈ ಲಾಳಿಯ ಹಗ್ಗ ಜಗ್ಗುತ್ತಿದ್ದರೂ ಮನಸ್ಸು ಎಲ್ಲೋ ಕೃಷ್ಣೆಯ ದಂಡೆಯಲ್ಲಿ ತೇಲುತ್ತಿತ್ತು. ಎಷ್ಟು ಎಳೆ ತಪ್ಪಿದವು ಎಂಬುದು ನನ್ನ ಹೆಂಡತಿ ಕಾಶವ್ವನಿಗೇ ಗೊತ್ತು.

ಚಿತ್ರ ಹೋಯಿತು, ಫೋನ್ ಬಂತು. ಪುಸ್ತಕ ಅಚ್ಚು ಹಾಕಿಸುವ ಮೇಡಂ ಅವರಿಗೆ ಚಿತ್ರ ಹಿಡಿಸಿದೆಯಂತೆ. ಆದರೆ ಅಜ್ಜನ ಕಾಲು ಎಲ್ಲಿ? ನೆಲದಿಂದ ಅರ್ಧ ಮನುಷ್ಯ ಎದ್ದ ಹಾಗಿದೆ, ಮಕ್ಕಳು ಹೆದರುತ್ತಾರೆ. ಕುರ್ಚಿಯ ಮೇಲೆ ಕೂರಿಸಿ, ಇಲ್ಲವೇ ಆ ಪುಟವನ್ನೇ ತೆಗೆಯಿರಿ ಎಂದರಂತೆ.

ಪುಟ ಹೋದರೆ ನಾನೇ ಹೋದಂತೆ! ಐವತ್ತು ವರ್ಷದ ಕಸುಬಿನ ಮಾನ ಮರೆತು, ನೆರೆಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಹೊತ್ತು ತಂದು ಮಗ್ಗದ ಮುಂದೆ ಹಾಕಿ ಕೂತೆ. ಕೈ ಮಗ್ಗಕ್ಕೆ ಎಟುಕಲಿಲ್ಲ. ಹೊಟ್ಟೆ ಮಾತ್ರ ಎಟುಕಿತು.

"ಏಳ ಮುತ್ಯಾ! ಕುರ್ಚಿ ಮ್ಯಾಲ ಕುಂತ ಕುಣಿಮಗ್ಗ ಯಾರ ನೇಯ್ತಾರ? ಹುಡುಗ್ರಿಗೆ ಸುಳ್ಳ ಬರದ ಕೊಡಂಗಿಲ್ಲ ನಾ" ಎಂದಳು ಸುಮಾ.

"ಹಂಗಾರ ನನ್ನ ಪುಟಾ?"

ಅವಳು ನನ್ನನ್ನು ಮೊದಲಿನಂತೆ ನೆಲಕ್ಕೆ ಕೂರಿಸಿ, ತಾನು ಪಕ್ಕದಲ್ಲಿ ಬೋರಲು ಮಲಗಿ, ಬ್ಯಾಟರಿ ಹಿಡಿದು ತಗ್ಗಿನೊಳಗೆ ತಲೆ ಹಾಕಿದಳು. "ಹೂಂ, ತುಳಿ" ಎಂದು ಒಳಗಿನಿಂದ ಧ್ವನಿ ಬಂತು. ಚಾ ತಂದ ಕಾಶವ್ವ ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯ ಶಿವನ! ಇವರಿಗೆ ಕಾಲಿಲ್ಲ, ಇಕಿಗೆ ತಲಿ ಇಲ್ಲ. ಇಬ್ರೂ ಕೂಡಿದ್ರ ಒಂದ ಮನಷ್ಯಾ ಆಗ್ತೀರಿ ನೋಡ್ರಿ!"

ಮಳೆಗಾಲ ಮುಗಿದ ಮೇಲೆ ಸುಮಾ ಪುಸ್ತಕ ಹಿಡಿದುಕೊಂಡೇ ಬಂದಳು. ನನ್ನ ಪುಟ ಹುಡುಕಿ ತೆರೆದೆ. ಮೇಲೆ ನೆಲ, ಕೆಳಗೆ ಕುಣಿ. ಕುಣಿಯೊಳಗೆ ಕತ್ತಲೆ ಇಲ್ಲ, ಹೊಳೆ ಹರಿಯುತ್ತಿದೆ. ಮೀನುಗಳ ನಡುವೆ ಎರಡು ಕಾಲು ನೀರು ತುಳಿಯುತ್ತಿವೆ. ತುಳಿದಂತೆಲ್ಲ ಹೊಳೆ ಎಳೆ ಎಳೆಯಾಗಿ ಮೇಲೇರಿ ನೀಲಿ ಸೀರೆಯಾಗುತ್ತಿದೆ. ಒಡೆದ ಹಿಮ್ಮಡಿ, ವಾರೆಯಾದ ಹೆಬ್ಬೆರಳು, ಎಲ್ಲ ನನ್ನವೇ. ಕಾಲಿಗೇ ಅಷ್ಟು ಜಾಗ ಹೋದದ್ದರಿಂದ ಸೊಂಟದ ಮೇಲಿನ ನಾನು ಪುಟದಲ್ಲಿ ಹಿಡಿಸಲಿಲ್ಲ. ದಾಡಿ ಮಾಡಿಸಿದ್ದು, ರುಮಾಲು ಸುತ್ತಿದ್ದು ಎಲ್ಲ ದಂಡ.

ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ಪುಸ್ತಕದ ಮೇಲೆ ಕಾಲು ಕಂಡದ್ದೇ ತಡ, ನನ್ನ ಕೈ ನನ್ನನ್ನೂ ಕೇಳದೆ ಆ ಪುಟ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು.

"ತಮ್ಮ ಕಾಲಿಗೆ ತಾವ ಬಿದ್ದವರ್ನ ಇವತ್ತ ನೋಡಿದ್ನೆವ್ವಾ!" ಎಂದು ಕಾಶವ್ವ ಸೆರಗು ಬಾಯಿಗಿಟ್ಟಳು.

"ಏನ ಬೇಡ್ಕೊಂಡಿ ಮುತ್ಯಾ?" ಎಂದಳು ಸುಮಾ.

ಬಿದ್ದವನೂ ನಾನೇ, ಹರಸಬೇಕಾದವನೂ ನಾನೇ. ಎಷ್ಟು ಹುಡುಕಿದರೂ ಬೇಡುವಂಥದ್ದು ಏನೂ ಉಳಿದಿಲ್ಲ ಎಂದೆ. ಮುಂದಿನ ಪುಸ್ತಕದಲ್ಲಿ ಮುಖವೂ ಬರಲಿ ಎಂದು ಕೇಳಿಕೊಂಡದ್ದನ್ನು ಮಾತ್ರ ಹೇಳಲಿಲ್ಲ.