ಮಾವನ ಗೋಷ್ಠಿಗೆ ಕೆಂಪಿಯೇ ಅಧ್ಯಕ್ಷೆ

ಪಂಡಿತರನ್ನು ಮನೆಗೆ ಕರೆದು ದನದ ಕೊಟ್ಟಿಗೆಯಲ್ಲಿ ಕೂರಿಸಿದ ಪುಣ್ಯಾತ್ಮರು ಈ ಭೂಮಿಯ ಮೇಲೆ ಒಬ್ಬರೇ. ಅವರು ನಮ್ಮ ಮನೆಯಲ್ಲೇ ಹುಟ್ಟಬೇಕೆ! ನನಗೆ ಸೋದರಮಾವ. ಅವರ ಮಗನನ್ನೇ ಕಟ್ಟಿಕೊಂಡದ್ದರಿಂದ ಗಂಡನ ಕಡೆಯಿಂದಲೂ ಮಾವ. ದೂರು ಹೇಳಲು ತವರೂ ಉಳಿಯಲಿಲ್ಲ.

ನಮ್ಮದು ಮಾದನಹಿಪ್ಪರಗಾ. ನಿಜಾಮನ ರಾಜ್ಯದ ಕೊನೆಗಾಲ ಅದು. ಮಾವನ ವಾದ ಸರಳ: ಗೋಷ್ಠ ಎಂದರೆ ದನ ನಿಲ್ಲುವ ಜಾಗ. ಹಿಂದಿನವರು ಅಲ್ಲೇ ಕೂತು ಮಾತಾಡುತ್ತಿದ್ದರು, ಅದಕ್ಕೇ ವಿದ್ವಾಂಸರ ಕೂಟ ಗೋಷ್ಠಿಯಾಯಿತು. ದನವಿಲ್ಲದಿದ್ದರೆ ಅದು ಬರೀ ಹರಟೆ. ಹಾಗಾಗಿ ಪ್ರತಿ ಸೋಮವಾರ ಸಂಜೆ ವಚನ ವಿಚಾರವೆಲ್ಲ ಗೋದಲಿಯ ಪಕ್ಕದಲ್ಲಿ, ಕೆಂಪಿ ಎಂಬ ಮುದಿ ಆಕಳ ಅಧ್ಯಕ್ಷತೆಯಲ್ಲಿ. ಆಳಂದದ ಶಾಸ್ತ್ರಿಗಳೊಬ್ಬರು ನಿರಾಕಾರದ ಬಗ್ಗೆ ಬಾಯಿ ತೆರೆದರು. ಕೆಂಪಿಯ ಬಾಲ ಸಾಕಾರವಾಗಿ ಅವರ ಕೆನ್ನೆಗೆ ಬಿತ್ತು. ಅಧ್ಯಕ್ಷರಿಗೆ ಭಿನ್ನಾಭಿಪ್ರಾಯವಿದೆ ಎಂದರು ಮಾವ. ಸಗಣಿ ಬಾಚಿ ಕಂಬಳಿ ಹಾಸುವುದು ಮಾತ್ರ ಅತ್ತೆಯ ಪಾಲು. ಇವರ ಪಾಂಡಿತ್ಯಕ್ಕೆ ನನ್ನ ಸೊಂಟ ಬಿತ್ತು ಎಂದು ಅವರು ಪ್ರತಿ ಸೋಮವಾರ ಗೊಣಗುತ್ತಿದ್ದರು.

ಆಗ ಪರವಾನಗಿ ಇಲ್ಲದೆ ಸಭೆ ಸೇರುವಂತಿರಲಿಲ್ಲ. ಒಂದು ಸಂಜೆ ಪೊಲೀಸ್ ಜಮಾದಾರ ಬಂದೇಬಿಟ್ಟ.

"ಸಭಾ ಮಾಡಾಕತ್ತೀರೇನು?"

"ಸಭಾ ಅಲ್ರಿ ಸಾಹೇಬ್ರ, ಗೋಷ್ಠಿ."

ಆಕಳಿಗೆ ಹುಷಾರಿಲ್ಲ, ನೋಡಲು ಬಂದಿದ್ದಾರೆ ಎಂದಿದ್ದರೆ ಮುಗಿಯುತ್ತಿತ್ತು. ಮಾವನಿಗೆ ಸುಳ್ಳೂ ಬರುತ್ತಿರಲಿಲ್ಲ, ಚುಟುಕಾಗಿ ಹೇಳಲೂ ಬರುತ್ತಿರಲಿಲ್ಲ. ಪದದ ಹುಟ್ಟಿನಿಂದ ಹೊರಟವರು ದನ ನಿಲ್ಲುವ ಜಾಗ ತಲುಪುವಷ್ಟರಲ್ಲಿ ಕೆಂಪಿ ಜಮಾದಾರನ ರುಮಾಲಿನ ತುದಿ ಮೆಲ್ಲುತ್ತಿದ್ದಳು. ಅವನು ಅದನ್ನು ಕಿತ್ತುಕೊಂಡು, ಇದು ಸಭೆಯಲ್ಲ, ದನದ ಕೊಟ್ಟಿಗೆ ಎಂದು ತೀರ್ಪು ಕೊಟ್ಟು ನಡೆದ. ನಾವು ಉಸಿರು ಬಿಟ್ಟೆವು. ಮಾವನಿಗೆ ಖುಷಿಯೋ ಖುಷಿ: ತಾನು ಹೇಳಿದ ಅರ್ಥವನ್ನು ಸರ್ಕಾರವೇ ಒಪ್ಪಿತಲ್ಲ!

ಮರುವರ್ಷ ನಿಜಾಮನ ಕಡೆಯವರ ಗಲಾಟೆ ಹೆಚ್ಚಿತು. ಜೀವ ಉಳಿದರೆ ಸಾಕೆಂದು ಗಡಿ ದಾಟಿ ಸೊಲ್ಲಾಪುರದ ಕಡೆ ಓಡಿದೆವು. ಕೆಂಪಿಗೆ ಅಷ್ಟು ದೂರ ನಡೆಯಲಾಗುತ್ತಿರಲಿಲ್ಲ. ಮಾವ ಅವಳ ಹಗ್ಗ ಬಿಚ್ಚಿಬಿಟ್ಟು ಬಂದರು.

ನಿಜಾಮನ ಆಳ್ವಿಕೆ ಮುಗಿದು ಊರಿಗೆ ಮರಳಿದಾಗ ಕೊಟ್ಟಿಗೆ ಖಾಲಿ. ಸೋಮವಾರ ಸಂಜೆ ಹಳೆಯ ಮಂದಿ ತಾವಾಗಿಯೇ ಬಂದು ಕೂತರು. ಮಾವ ಗೋದಲಿಯ ಕಡೆ ನೋಡಿದರು.

"ದನ ಇಲ್ದ ಎಂಥಾ ಗೋಷ್ಠಿರಿ? ಮನಿಗಿ ಹೋಗ್ರಿ."

ಯಾರೂ ಏಳಲಿಲ್ಲ. ಅಷ್ಟರಲ್ಲಿ ಅತ್ತೆ ಪಕ್ಕದ ಮನೆಯಿಂದ ಒಂದು ಕರುವನ್ನು ಕೇಳಿ ಹಿಡಿದುಕೊಂಡು ಬಂದರು. ಅದನ್ನು ಕೆಂಪಿಯ ಗೂಟಕ್ಕೆ ಕಟ್ಟಿದರು.

"ಸುರು ಮಾಡ್ರಿ ಇನ್ನ. ಸಗಣಿ ನಾ ಬಾಚ್ತೇನಿ."

ಮಾವ ಕರುವಿನ ಬೆನ್ನ ಮೇಲೆ ಕೈಯಿಟ್ಟರು. ಅವರ ಕಣ್ಣು ತುಂಬಿತ್ತು, ನನಗೂ ಅಳು ತಡೆಯಲಾಗಲಿಲ್ಲ. ಗೋಷ್ಠ ಎಂದರೆ, ಎಂದು ಮೊದಲಿನಿಂದ ಶುರು ಮಾಡಿದರು. ನಮಗೆಲ್ಲ ಬಾಯಿಪಾಠವಾಗಿದ್ದ ಆ ಮಾತನ್ನು ಅವತ್ತು ಕೊನೆಯವರೆಗೂ ಕೇಳಿದೆವು.