ಸಕ್ರಪ್ಪನವರ ಚಪ್ಪಾಳೆ

ಬೆಟಗೇರಿಯ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ವಿವಾದಗಳನ್ನು ಇನ್ನು ಮುಂದೆ ವಿಡಿಯೋ ನೋಡಿಯೇ, ಸಂಪೂರ್ಣ ಪಾರದರ್ಶಕವಾಗಿ ತೀರ್ಮಾನಿಸತಕ್ಕದ್ದೆಂದು ಸಂಘಟನಾ ಸಮಿತಿ ಸರ್ವಾನುಮತದಿಂದ ಠರಾವು ಮಾಡಿತು. ಮೂವತ್ತು ವರ್ಷ ಸೀಟಿ ಊದಿ, ಮೂವತ್ತು ವರ್ಷವೂ ಬೈಸಿಕೊಂಡಿದ್ದ ರೆಫ್ರಿ ಮಲಂಗಸಾಬರಿಗೆ ಬಲು ಖುಷಿಯಾಯಿತು. ಇದು ಅವರ ಕೊನೆಯ ಫೈನಲ್. ತಾವು ಕಂಡದ್ದನ್ನೇ ಕ್ಯಾಮೆರಾವೂ ಹೇಳಿದರೆ, ಒಮ್ಮೆಯಾದರೂ ಬೈಗುಳವಿಲ್ಲದೆ ಮನೆಗೆ ಹೋಗಬಹುದಲ್ಲ!

ಕ್ಯಾಮೆರಾ ಹಿಡಿಯಲು ಮದುವೆ ವಿಡಿಯೋ ತೆಗೆಯುವ ಹೊನ್ನೇಶ ಬಂದ.

ಆಟ ಮುಗಿಯಲು ಎರಡು ನಿಮಿಷವಿತ್ತು. ಮುಂಡರಗಿ ತಂಡದ ಅಶ್ಫಾಕ ಒದ್ದ ಚೆಂಡು ಅಡ್ಡಕಂಬಕ್ಕೆ ಬಡಿದು, ಗೆರೆಯಿಂದ ಮೊಳದಷ್ಟು ಒಳಗೆ ಬಿದ್ದು, ಪುಟಿದು ಹೊರಬಂತು. ಮಲಂಗಸಾಬರು ಕಣ್ಣಾರೆ ಕಂಡು ಸೀಟಿ ಊದಿದರು. ಎದುರಾಳಿ ಲಕ್ಷ್ಮೇಶ್ವರದವರು ಆಕ್ಷೇಪಣೆ ಸಲ್ಲಿಸಿದರು.

ಸಮಿತಿ ಟಿವಿಯ ಮುಂದೆ ಕೂತಿತು. ಚೆಂಡು ಬಿದ್ದ ಕ್ಷಣಕ್ಕೆ ಸರಿಯಾಗಿ ಪರದೆಯ ತುಂಬ ಮುಖ್ಯ ಅತಿಥಿ ಸಕ್ರಪ್ಪನವರು ಮಿರ್ಚಿ ಭಜಿ ತಿನ್ನುತ್ತಿದ್ದರು.

"ಗೋಲ್ ಎಲ್ಲೈತೋ ಹೊನ್ನೇಶ?" ಸದಸ್ಯರೊಬ್ಬರು ಕೇಳಿದರು.

"ಮದುವ್ಯಾಗ ಅಕ್ಕಿಕಾಳು ಬೀಳೂ ಹೊತ್ತಿಗೆ ಹಿರ್ಯಾರ ಮುಖ ತಗೀಲಿಲ್ಲಂದ್ರ ಮಂದಿ ಮತ್ತ ಕರಿಯಂಗಿಲ್ರಿ. ಅದ ರೂಢಿ ಆಗೇತಿ."

ಸಮಿತಿಯ ಅಧ್ಯಕ್ಷ ಚನ್ನಬಸವಣ್ಣನವರು ನಿಯಮಾವಳಿ ತೆರೆದರು. "ವಿಡಿಯೋದಾಗ ಇದ್ದಿದ್ದಷ್ಟ ಸಾಕ್ಷಿ. ಅತಿಥಿಗಳು ಚಪ್ಪಾಳಿ ಹೊಡದಿಲ್ಲ. ಗೋಲ್ ಆಗಿಲ್ಲ."

"ಕೈಯಾಗ ಮಿರ್ಚಿ ಇತ್ತಲ್ರಿ, ಹೆಂಗ ಹೊಡೀಲಿ?" ಎಂದರು ಸಕ್ರಪ್ಪನವರು. ಈ ಹೇಳಿಕೆ ವಿಡಿಯೋದಲ್ಲಿಲ್ಲವೆಂದು ತಿರಸ್ಕೃತವಾಯಿತು.

"ಅಣ್ಣಾರ, ನಾ ಖುದ್ದ ನೋಡೇನ್ರಿ!" ಎಂದರು ಮಲಂಗಸಾಬರು.

"ನೀವು ನೋಡಿದ್ದು ನೀವೊಬ್ರ ನೋಡೀರಿ, ಸಾಬ್ರ. ಮಿರ್ಚಿ ತಿಂದಿದ್ದು ಎಲ್ಲಾರೂ ನೋಡ್ಯಾರ. ಪಾರದರ್ಶಕ ಅಂದ್ರ ಅದ."

ಮಲಂಗಸಾಬರಿಗೆ ಅಶ್ಫಾಕನ ಮುಖ ನೋಡಲಾಗಲಿಲ್ಲ. ಎರಡೂ ಕಡೆಯವರು ಅವರನ್ನು ವಾಡಿಕೆಯಂತೆ ಬೈದರು.

ಪಂದ್ಯ ಸಮವಾದ್ದರಿಂದ ಮರುದಿನ ಮತ್ತೆ ಆಡಿಸಲಾಯಿತು. ಅದಕ್ಕೂ ಮೊದಲು ಪ್ರಕಟಣೆ ಹೊರಟಿತು: ಆಟದ ವೇಳೆ ಅತಿಥಿಗಳ ಕೈಗೆ ತಿಂಡಿ ಕೊಡತಕ್ಕದ್ದಲ್ಲ. ರೆಫ್ರಿಯವರು ಮೈದಾನಕ್ಕೆ ಬೆನ್ನು ಮಾಡಿ, ವೇದಿಕೆಗೆ ಮುಖ ಮಾಡಿ ನಿಲ್ಲತಕ್ಕದ್ದು.

ಮಲಂಗಸಾಬರು ಹಾಗೆಯೇ ನಿಂತರು. ಬೆನ್ನ ಹಿಂದೆ ಕೂಗೆದ್ದಾಗಲೆಲ್ಲ ಕತ್ತು ತಾನಾಗಿ ತಿರುಗಲು ನೋಡುತ್ತಿತ್ತು. ತಡೆದುಕೊಂಡರು. ಕೊನೆಗೆ ಸಕ್ರಪ್ಪನವರ ಮೂಗಿನ ಮುಂದೆ ಒಂದು ಸೊಳ್ಳೆ ಹಾರಿತು. ಅವರು ಎರಡೂ ಕೈಯಿಂದ ಫಟ್ಟನೆ ಹೊಡೆದರು.

ಮಲಂಗಸಾಬರು ಸೀಟಿ ಊದಿದರು.

ಚೆಂಡು ಆಗ ಮೈದಾನದ ನಡುವೆ ಅಶ್ಫಾಕನ ಕಾಲಡಿ ಇತ್ತು. ಅವನು ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದ. ವಿಡಿಯೋ ಪರಿಶೀಲಿಸಲಾಯಿತು; ಚಪ್ಪಾಳೆ ಸ್ಪಷ್ಟವಾಗಿತ್ತು. ಗೋಲ್ ಮುಂಡರಗಿಗೆ ಸಂದಿತು. ಲಕ್ಷ್ಮೇಶ್ವರದವರೂ ಒಪ್ಪಿ ಕೈ ಕುಲುಕಿದರು.

"ಸರ, ಖರೇನ ಗೋಲ್ ಆತೇನ್ರಿ?" ಅಶ್ಫಾಕ ಮೆಲ್ಲಗೆ ಕೇಳಿದ.

"ವಿಡಿಯೋದಾಗ ಐತಪ್ಪ," ಎಂದರು ಮಲಂಗಸಾಬರು. ಸೀಟಿಯನ್ನು ಜೇಬಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರನ್ನು ಯಾರೂ ಬೈಯಲಿಲ್ಲ.