ಅಮೆರಿಕವನ್ನು ನಡುಗಿಸಿದ ನಮ್ಮ ಬೆಳಗಿನ ಕುಣಿತ

ಮಾನ್ಯ ಸಂಪಾದಕರೇ,

ಸಾಗರದಾಚೆ ಕುಳಿತೇ ಚೀನಾದ ಏಳುಬೀಳುಗಳನ್ನು ನಮಗಿಂತ ಮೊದಲು ತಿಳಿದುಕೊಳ್ಳುವ ತಮ್ಮ ಅಮೆರಿಕನ್ ವಾರಪತ್ರಿಕೆಗೆ, ಲುವೊಯಾಂಗ್ ನಗರದ ಕಾರ್ಖಾನೆಯೊಂದರ ನಿವೃತ್ತ ನೌಕರಳೂ ಕಾಲುವೆ ಬದಿಯ ಚೌಕದಲ್ಲಿ ದಿನಾ ಬೆಳಗ್ಗೆ ಕುಣಿಯುವ ಇಪ್ಪತ್ತೆಂಟು ಹೆಂಗಸರ ಮುಂದಾಳುವೂ ಆದ ಫೆಂಗ್ ಷುಲಾನ್ ಮಾಡುವ ನಮಸ್ಕಾರಗಳು. ತಾವೂ ತಮ್ಮ ಛಾಯಾಗ್ರಾಹಕರೂ ಕ್ಷೇಮವೆಂದು ನಂಬಿದ್ದೇನೆ.

ಕಳೆದ ತಿಂಗಳ ಮುಖಪುಟದಲ್ಲಿ ನಮ್ಮ ಚಿತ್ರ ಅಚ್ಚು ಹಾಕಿ, ಅದರಡಿ 'ಅಮೆರಿಕದ ಹೊಸ್ತಿಲಿಗೆ ಬಂದ ಹೆಜ್ಜೆ' ಎಂದು ಬರೆದ ತಮ್ಮ ಔದಾರ್ಯವನ್ನು ನಮ್ಮ ಕಟ್ಟಡದ ಇಂಗ್ಲಿಷ್ ಮೇಷ್ಟ್ರು ಓದಿ ಹೇಳಿದರು. 'ಒಂದೇ ಮನಸ್ಸು, ಒಂದೇ ಶಿಸ್ತು' ಎಂದಿದ್ದೀರಂತೆ. ಹನ್ನೊಂದು ವರ್ಷದಿಂದ ನಾನು ಎಡಕ್ಕೆ ಎಂದರೆ ಬಲಕ್ಕೆ ತಿರುಗುವ ಈ ಹೆಂಗಸರಲ್ಲಿ ಶಿಸ್ತನ್ನು ಕಂಡ ಮೊದಲ ಮಹಾನುಭಾವರು ತಾವೇ. ಕೆಂಪು ಮೇಲಂಗಿಯಲ್ಲಿ ತಮಗೆ ಒಂದು ಸಿದ್ಧಾಂತವೇ ಕಂಡಿತಂತೆ. ನೀಲಿ ಬಣ್ಣದ್ದು ನಮ್ಮ ಸುತ್ತಳತೆಗೆ ಸಿಗಲಿಲ್ಲ, ಅಷ್ಟೇ. ಹೋದ ವರ್ಷ ಇದೇ ಪತ್ರಿಕೆ ನಮ್ಮದು ಮುದುಕಿಯರ ದೇಶ, ಇನ್ನೇನು ಕುಸಿಯುತ್ತದೆ ಎಂದು ಮರುಗಿತ್ತೆಂದೂ ಮೇಷ್ಟ್ರು ನೆನಪಿಸಿದರು. ಒಂದೇ ವರ್ಷದಲ್ಲಿ ಮುದುಕಿಯರನ್ನು ಸೈನ್ಯವಾಗಿಸಿದ ಆ ಔಷಧ ಯಾವುದೆಂದು ತಿಳಿಸಿದರೆ ನನ್ನ ಮೊಣಕಾಲಿಗೂ ಹಚ್ಚಿಕೊಳ್ಳುತ್ತೇನೆ.

ಇಷ್ಟಕ್ಕೇ ನಿಂತಿದ್ದರೆ ನಾನು ಕಾಗದ ಬರೆಯುತ್ತಿರಲಿಲ್ಲ. ತಮ್ಮ ಹೊಗಳಿಕೆ ಸುತ್ತಿ ಬಳಸಿ ನಮ್ಮ ನಿವಾಸಿ ಸಮಿತಿಯ ಕಾರ್ಯದರ್ಶಿ ಡಿಂಗ್ ಎಂಬ ಪುಕ್ಕಲನ ಕಿವಿಗೂ ಬಿತ್ತು. ಅವನು ಚೌಕಕ್ಕೆ ಬಂದು, ಹಾಡಿನ ಪೆಟ್ಟಿಗೆಯ ತಂತಿ ಕಿತ್ತು ಕೈಯಲ್ಲಿ ಹಿಡಿದುಕೊಂಡು ಹೇಳಿದ ಮಾತು ಇದು: "ಫೆಂಗ್ ಚಿಕ್ಕಮ್ಮ, ಅಮೆರಿಕದೋರು ನಿಮ್ಮನ್ನ ನೋಡಿ ಹೆದರ್ಕೊಂಡಿದಾರಂತೆ. ಮೇಲಿನೋರು ಏನಂತಾರೋ ಗೊತ್ತಾಗೋವರ್ಗೂ ಸ್ವಲ್ಪ ಕೂತ್ಕೊಂಡಿರಿ." ಹೀಗೆ ಎರಡು ಮಹಾನ್ ದೇಶಗಳ ಸಂಬಂಧ ಸುಧಾರಿಸಲೆಂದು ನಾವು ಹತ್ತೊಂಬತ್ತು ದಿನಗಳಿಂದ ಕೂತಿದ್ದೇವೆ.

ಈಗ ಚಿತ್ರದ ಮುಂದಿನ ಸಾಲಿನಲ್ಲಿ ಮುಷ್ಟಿ ಎತ್ತಿ ನಿಂತಿರುವ ಹೆಂಗಸಿನ ವಿಷಯ. ತಾವು 'ಉಕ್ಕಿನ ಮುಷ್ಟಿ' ಎಂದದ್ದು ಥಾನ್ ಗುಯಿಯಿಂಗ್ ಅಕ್ಕನ ಬಲಗೈಯನ್ನು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಆ ಕೈ ಜೋತುಬಿದ್ದಿತ್ತು. ಅವಳು ದಿನಾ ಬಂದು, ನಾವೆಲ್ಲ ಕೈ ಎತ್ತಿದಾಗ ತಾನೂ ಎತ್ತಲು ಹೆಣಗಿ, ತಮ್ಮವರು ಕ್ಯಾಮೆರಾ ಹಿಡಿದ ಆ ಬೆಳಗ್ಗೆಯೇ ಮೊದಲ ಬಾರಿಗೆ ಅದನ್ನು ಭುಜದಿಂದ ಮೇಲಕ್ಕೆ ಒಯ್ದಳು. ಬೆರಳು ಇನ್ನೂ ಬಿಡಿಸಲು ಬರುವುದಿಲ್ಲ, ಅದಕ್ಕೇ ಮುಷ್ಟಿ. ಆ ಬೆಳಗ್ಗೆ ನಾವು ಹೆಜ್ಜೆ ತಪ್ಪಿದ್ದು ಅದನ್ನು ಕಂಡು ಅಳುತ್ತಿದ್ದುದರಿಂದ. ಅಭ್ಯಾಸ ಬಿಟ್ಟರೆ ಕೈ ಮತ್ತೆ ಬಿಗಿಯುತ್ತದೆಂದು ಡಾಕ್ಟರು ಎಚ್ಚರಿಸಿದ್ದರು. ಮನೆಯಲ್ಲಿ ಒಬ್ಬಳೇ ಮಾಡು ಎಂದರೆ ಅವಳು ಮಾಡುವವಳಲ್ಲ. ನಿನ್ನೆ ಹೋಗಿ ನೋಡಿದೆ, ಕೈ ಎದೆಯ ತನಕವೂ ಬರಲಿಲ್ಲ.

ಆದ್ದರಿಂದ ತಾವು ದಯಮಾಡಿ ಮುಂದಿನ ಸಂಚಿಕೆಯಲ್ಲಿ, ನಾವು ದಪ್ಪಗಿದ್ದೇವೆ, ತಾಳ ತಪ್ಪುತ್ತೇವೆ, ಅಮೆರಿಕ ಯಾವ ದಿಕ್ಕಿಗಿದೆ ಎಂಬುದರ ಬಗ್ಗೆ ನಮ್ಮಲ್ಲೇ ಜಗಳವಿದೆ ಎಂದು ಡಿಂಗ್‌ಗೆ ಕಾಣುವಷ್ಟು ದೊಡ್ಡಕ್ಷರದಲ್ಲಿ ಅಚ್ಚು ಹಾಕಬೇಕು. ನಂಬಿಕೆ ಬಾರದಿದ್ದರೆ ತಮ್ಮ ನೌಕಾಪಡೆಯ ಒಬ್ಬ ದೊಡ್ಡ ಅಧಿಕಾರಿಯನ್ನು ಒಂದು ವಾರ ಕಳಿಸಿಕೊಡಿ. ಕೊನೆಯ ಸಾಲಿನಲ್ಲಿ ಜಾಗವಿದೆ. ಬೆಳಗ್ಗೆ ಆರೂವರೆಗೆ ಬರಲಿ, ಸೊಂಟನೋವಿದ್ದರೆ ಮೊದಲೇ ಹೇಳಲಿ.

ತಮ್ಮ ವಿಶ್ವಾಸಿ, ತಮ್ಮ ಕೃಪೆಯಿಂದ ಒಂದು ತಿಂಗಳ ಮಟ್ಟಿಗೆ ದಂಡನಾಯಕಿ,
ಫೆಂಗ್ ಷುಲಾನ್

ಮರೆತ ಮಾತು: ಥಾನ್ ಅಕ್ಕ ತಮ್ಮ ಮುಖಪುಟವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಕಿತ್ತು ಬಿಸಾಡು ಎಂದೆ. "ಇರ್ಲಿ ಬಿಡೇ," ಅಂದಳು. "ಎರಡು ವರ್ಷದಿಂದ ಈ ಕೈ ನೋಡಿದೋರೆಲ್ಲ ಪಾಪ ಅಂದ್ರು. ಹೆದರಿದೋನು ಈ ಪತ್ರಿಕೆಯೋನೊಬ್ನೇ."